ನೋಡ್ತಾ ನಿಂತ ಮಕ್ಕಳನ್ನ ಯಾರು ಕೇಳ್ತಾರೆ?

ಮಾನ್ಯ ಸಂಪಾದಕರೇ,

ಸ್ಕೂಲಲ್ಲಿ ಒಬ್ಬ ಹುಡುಗನ್ನ ನಾಲ್ಕು ಜನ ಸೇರಿ ಗೋಳು ಹೊಯ್ಕೊಂಡ್ರು ಅಂತ ಗೊತ್ತಾದ್ರೆ ಆ ನಾಲ್ವರ ಅಪ್ಪ ಅಮ್ಮನ್ನ ಕರೆಸಿ ವಾರ್ನಿಂಗ್ ಕೊಟ್ಟು ಕೈ ತೊಳ್ಕೋತಾರೆ, ಸುತ್ತ ನಿಂತು ನಗ್ತಿದ್ದ, ವಿಡಿಯೋ ಮಾಡ್ತಿದ್ದ ಮಕ್ಕಳ ವಿಷ್ಯ ಯಾರೂ ಎತ್ತೋದೇ ಇಲ್ಲ.

ಕೆನಡಾದಲ್ಲಿ ಪ್ರೈಮರಿ ಸ್ಕೂಲ್ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು ಮಾಡಿದ್ದ ಒಂದು ಅಧ್ಯಯನ 2001ರಲ್ಲಿ ಬಂದಿತ್ತು. ಪೀಡಿಸೋ ಘಟನೆಗಳಲ್ಲಿ ನೂರಕ್ಕೆ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ರು, ಬಿಡಿಸೋಕೆ ಹೋಗಿದ್ದು 19ರಲ್ಲಿ ಮಾತ್ರ. ಆದ್ರೆ ಯಾರಾದ್ರೂ ಮಧ್ಯೆ ಹೋದಾಗ ಅರ್ಧಕ್ಕಿಂತ ಜಾಸ್ತಿ ಸಲ ಹತ್ತೇ ಸೆಕೆಂಡಲ್ಲಿ ನಿಂತುಹೋಗಿತ್ತು! ಅವು ಚಿಕ್ಕ ಮಕ್ಕಳು. ಎಂಟು ಒಂಬತ್ತನೇ ಕ್ಲಾಸಿಗೆ ಬಂದ್ಮೇಲೆ ಫ್ರೆಂಡ್ಸ್ ಏನಂತಾರೆ ಅನ್ನೋದೇ ದೊಡ್ಡದಾಗುತ್ತೆ, ತಪ್ಪು ಅಂತ ಗೊತ್ತಿದ್ರೂ ಮೊದಲು ಪಕ್ಕದವನ ಮುಖ ನೋಡ್ತಾರೆ, ಅವನು ನಕ್ರೆ ಇವರೂ ನಗ್ತಾರೆ, ಎಲ್ಲರಿಗೂ ಒಳಗೊಳಗೆ ಸಂಕಟ ಆಗ್ತಿದ್ರೂ ಬೇರೆಯವರಿಗೆ ಏನೂ ಅನ್ನಿಸ್ತಿಲ್ಲ ಅನ್ಕೊಂಡು ಸುಮ್ನಿರ್ತಾರೆ, ಬಾಯಿಬಿಟ್ರೆ ಚಾಡಿಕೋರ ಅಂತ ಹೆಸರು ಬರುತ್ತೆ, ಗ್ರೂಪಿಂದ ತೆಗೀತಾರೆ, ನಾಳೆ ಸರದಿ ನಂದೇ ಅನ್ನೋ ಭಯ ಬೇರೆ.

ಹಂಗಂತ ಈ ಫ್ರೆಂಡ್ಸ್ ಪ್ರಭಾವ ಬರೀ ಕೆಟ್ಟದ್ದಲ್ಲ. ಅಮೆರಿಕದ ನ್ಯೂಜೆರ್ಸಿಯ 56 ಸ್ಕೂಲುಗಳಲ್ಲಿ, ನೀವು ಯಾರ ಜೊತೆ ಟೈಮ್ ಕಳೀತೀರಿ ಅಂತ ಮಕ್ಕಳನ್ನೇ ಕೇಳಿದ್ರು. ಅದ್ರಲ್ಲಿ ಅರ್ಧ ಸ್ಕೂಲುಗಳಲ್ಲಿ ಒಂದೊಂದು ಸಣ್ಣ ಗುಂಪು ಮಾಡಿ, ಪೀಡಿಸೋದರ ವಿರುದ್ಧ ನಿಲ್ಲೋ ಕೆಲಸ ಅವರ ಕೈಗೇ ಕೊಟ್ರು. ಅವರದ್ದೇ ಪೋಸ್ಟರ್, ಒಳ್ಳೇದು ಮಾಡಿದವರ ಕೈಗೆ ಕಿತ್ತಳೆ ಬಣ್ಣದ ಬ್ಯಾಂಡ್. ಈ ಸ್ಕೂಲುಗಳಲ್ಲಿ ಮಕ್ಕಳ ಜಗಳದ ಕಂಪ್ಲೇಂಟ್ ಸುಮಾರು ಕಾಲು ಭಾಗ ಕಮ್ಮಿ ಆಯ್ತು (2016ರಲ್ಲಿ ಪ್ರಕಟವಾಗಿದೆ), ಉಳಿದವರು ಕಣ್ಣಿಟ್ಟು ನೋಡೋ ಅಂಥ ಮಕ್ಕಳು ಗುಂಪಲ್ಲಿ ಜಾಸ್ತಿ ಇದ್ದ ಕಡೆ ಇನ್ನೂ ಚೆನ್ನಾಗಿ ಕೆಲಸ ಮಾಡ್ತು.

ನಮ್ಮಲ್ಲಿ ಎಷ್ಟೋ ಕಡೆ ಕ್ಲಾಸ್ ಲೀಡರ್ ಅಂದ್ರೆ ಮಾರ್ಕ್ಸ್ ಜಾಸ್ತಿ ತಗೊಂಡವರು, ಮಾತಾಡಿದವರ ಹೆಸರು ಬೋರ್ಡ್ ಮೇಲೆ ಬರೆಯೋದು ಅವರ ಕೆಲಸ. ಕ್ಲಾಸ್ ನಿಜವಾಗ್ಲೂ ಮಾತು ಕೇಳೋದು ಕಬಡ್ಡಿ ಟೀಮಿನ ಹುಡುಗನ್ನೋ, ಲಾಸ್ಟ್ ಬೆಂಚಲ್ಲಿ ಕೂತು ಎಲ್ಲರನ್ನೂ ನಗಿಸೋ ಹುಡುಗೀನೋ ಆಗಿರಬಹುದು. ಅವರನ್ನ ತರಲೆ ಅಂತ ದೂರ ಇಟ್ಟುಬಿಟ್ಟಿದೀವಿ.

ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ ಇಷ್ಟೇ, ಜೂನಲ್ಲಿ ಸ್ಕೂಲ್ ಶುರುವಾದಾಗ ಮಕ್ಕಳ ಕೈಲೇ ಚೀಟಿ ಬರೆಸಿ ಇಂಥವರನ್ನ ಗುರುತಿಸಿ, ಜವಾಬ್ದಾರಿ ಕೊಡಿ. ಧೈರ್ಯ ಮಾಡಿ ಬಂದು ಹೇಳಿದ ಮಗುವಿನ ಹೆಸರನ್ನ ದಯವಿಟ್ಟು ಕ್ಲಾಸಲ್ಲಿ, ಪ್ರೇಯರಲ್ಲಿ ಎಲ್ಲರ ಮುಂದೆ ಹೇಳ್ಬೇಡಿ.

ಇಂತಿ,
ಹೈಸ್ಕೂಲ್ ಓದೋ ಮಗಳ ತಾಯಿ, ತುಮಕೂರು