ಪೋರ್ಟ್‌ಫೋಲಿಯೊ ಕಳುಹಿಸುವ ಮುನ್ನ

ಸದಸ್ಯರೆಲ್ಲರಿಗೂ ನಮಸ್ಕಾರ. ಮೈಸೂರು, ಬೆಂಗಳೂರಿನ ಗ್ರಾಫಿಕ್ ಡಿಸೈನ್ ಕೆಲಸಗಳಿಗೆ ಅರ್ಜಿ ಹಾಕುತ್ತಿರುವವರು ಕಳುಹಿಸಿದ ಪೋರ್ಟ್‌ಫೋಲಿಯೊಗಳನ್ನು, ಅಂದರೆ ತಾವು ಮಾಡಿದ ಕೆಲಸಗಳ ಸಂಗ್ರಹಗಳನ್ನು, ಒಂದೊಂದಾಗಿ ನೋಡಿದೆ. ಕೆಲವು 40 ಪುಟ ದಾಟಿವೆ. 8ರಿಂದ 10 ಕೆಲಸ ಸಾಕು, ಅತ್ಯುತ್ತಮವಾದದ್ದು ಮೊದಲ ಪುಟದಲ್ಲೇ ಇರಲಿ.

ಅನುಭವವಿಲ್ಲ ಎಂದು ಅಳುಕಬೇಡಿ. ನಮ್ಮ ಕೊಡಗಿನ ಗೋಣಿಕೊಪ್ಪದ ಅಂಗಡಿಯ ಜೇನು ಬಾಟಲಿಗೆ ಲೇಬಲ್, ಮನೆಯ ಕಾಫಿಪುಡಿಗೆ ಪೊಟ್ಟಣ, ನೆಂಟರ ಹೋಂಸ್ಟೇಗೆ ಫಲಕ ಮಾಡಿ. ಅಭ್ಯಾಸಕ್ಕಾಗಿ ಮಾಡಿದ್ದಾದರೆ ಹಾಗೆಂದೇ ಬರೆಯಿರಿ. ಪೆನ್ಸಿಲ್‌ನ ಮೊದಲ ಗೀಚು, ಕೈಬಿಟ್ಟ ಎರಡು ಪ್ರಯತ್ನ, ಆ ಬಣ್ಣವನ್ನೇ ಆರಿಸಿದ ಕಾರಣ, ಇವನ್ನೂ ಜೊತೆಗಿಡಿ. ನೀವು ಯೋಚಿಸುವ ಬಗೆ ಕಾಣುವುದು ಅಲ್ಲಿಯೇ. ಕೊಡಗು ಎಂದೊಡನೆ ಮಂಜು ಮುಸುಕಿದ ಬೆಟ್ಟವನ್ನೇ ಹಾಕುವುದು ಬೇಡ. ಎಲ್ಲರೂ ಅದನ್ನೇ ಹಾಕಿದ್ದೀರಿ.

ನನ್ನನ್ನು ಹೆಚ್ಚು ನೋಯಿಸಿದ್ದು ಕನ್ನಡ ಅಕ್ಷರಗಳ ಸ್ಥಿತಿ. ಮೂರು ಪೋಸ್ಟರ್‌ಗಳಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿದೆ. ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಿ ಹೀಗಾದರೆ ಪ್ಯಾರಾಗ್ರಾಫ್ ಪಟ್ಟಿಯಲ್ಲಿ ‘ವರ್ಲ್ಡ್ ರೆಡಿ’ ಆಯ್ಕೆಯನ್ನು ಹುಡುಕಿ ಹಾಕಿಕೊಳ್ಳಿ. ಬಾಲೂ ತಮ್ಮ, ನೋಟೊ ಸ್ಯಾನ್ಸ್ ಕನ್ನಡ ಎಂಬ ಯುನಿಕೋಡ್ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ಕನ್ನಡವನ್ನು ಚೆನ್ನಾಗಿ ಜೋಡಿಸಬಲ್ಲವರು ಎಂಬುದೇ ನಿಮ್ಮ ಬಲ, ಅದನ್ನು ಕಳೆದುಕೊಳ್ಳಬೇಡಿ.

ಜೊತೆಗೂಡಿ ಮಾಡಿದ ಕೆಲಸದಲ್ಲಿ ನಿಮ್ಮ ಪಾಲು ಯಾವುದೆಂದು ತಿಳಿಸಿ. ಕಡತ ಪಿಡಿಎಫ್ ಆಗಿರಲಿ, ಮೊಬೈಲ್‌ನಲ್ಲಿ ತೆರೆದು ನೋಡಿ.

ತಿದ್ದಿದ ಪ್ರತಿಯನ್ನು ಭಾನುವಾರ ಸಂಜೆಯೊಳಗೆ ಇಲ್ಲಿಗೇ ಹಾಕಿ. ಮಳೆಗೆ ಕರೆಂಟ್ ಹೋಗುತ್ತಿದೆ, ಕೊನೆಯ ಗಳಿಗೆಯವರೆಗೆ ಕಾಯಬೇಡಿ.