ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯ ಆ ಯಜಮಾನರಿಗೆ

ಹೆಸರು ಕೇಳಿದರೆ ನೀವು ಹೇಳಲಿಲ್ಲ. "ಅದೆಲ್ಲ ಯಾಕೆ ಸಾರ್, ಗಾಡಿ ಓಡಿದ್ರೆ ಸಾಕು" ಅಂದುಬಿಟ್ಟಿರಿ. ಹಾಗಾಗಿ ಹೆಸರಿಲ್ಲದೆಯೇ ಈ ಧನ್ಯವಾದ.

ಗಾಡಿ ಹಳೇ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್. ಗ್ಯಾಸ್ಕೆಟ್ ಸೆಟ್ ಕೊಳ್ಳಲು ಬಂದವನನ್ನು ಸ್ಟೂಲ್ ಎಳೆದು ಕೂರಿಸಿ, ಎಂಜಿನ್ ಬಿಚ್ಚುವ ಪಾಠವನ್ನೇ ಹೇಳಿದಿರಿ. ಅದೂ ಗಿರಾಕಿಗಳು ಕಾಯುತ್ತಿರುವಾಗ!

ಎಂಜಿನ್ ಪೂರ್ತಿ ತಣ್ಣಗಾಗಲಿ, ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್‌ನ ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಇಲ್ಲದಿದ್ದರೆ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗುತ್ತೆ ಅಂದಿರಿ. ಬಿಚ್ಚಿದ ವಾಲ್ವ್‌ಗಳನ್ನು ಸಿಕ್ಕಿಸಿಡಲು ರಟ್ಟಿನಲ್ಲಿ ತೂತು, ಯಾವುದು ಎಲ್ಲಿಯದು ಅಂತ ಗೊತ್ತಾಗಲು ಪಕ್ಕದಲ್ಲಿ ನಂಬರ್. ಇಷ್ಟು ಎಲ್ಲರೂ ಹೇಳುತ್ತಾರೆ, ಬಿಡಿ.

ನಿಜಕ್ಕೂ ಕೆಲಸಕ್ಕೆ ಬಂದದ್ದು ಆಮೇಲಿನ ಮಾತು. ಪಿಸ್ಟನ್ನನ್ನು ಕ್ರ್ಯಾಂಕ್ ಅನ್ನೋ ತಿರುಗುವ ದಂಡಕ್ಕೆ ಸೇರಿಸುವ ಕನೆಕ್ಟಿಂಗ್ ರಾಡನ್ನೂ ಅದರ ಕೆಳಗಿನ ಅರ್ಧವಾದ ಕ್ಯಾಪನ್ನೂ ಜೋಡಿಸಿಯೇ ತೂತು ಕೊರೆದಿರುತ್ತಾರೆ. ಅದಲುಬದಲಾದರೆ ಆ ತೂತು ಸರಿಯಾಗಿ ಗುಂಡಗಿರಲ್ಲ, ಬೇರಿಂಗ್ ಕಚ್ಚಿಕೊಳ್ಳುತ್ತೆ. ಅದಕ್ಕೇ ಬಿಚ್ಚುವ ಮೊದಲೇ ಪೇಂಟ್‌ನಲ್ಲಿ ಗುರುತು. ಸಿಲಿಂಡರಿನ ಮೇಲ್ಭಾಗದಲ್ಲಿ ಸವೆಯದೆ ಉಳಿದ ಏಣನ್ನು ತೆಗೆಯದೆ ಪಿಸ್ಟನ್ ತಳ್ಳಬಾರದು, ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಜಾಗ ಒಡೆಯುತ್ತೆ. ಇನ್ನು ರಾಡ್ ಬೋಲ್ಟ್‌ಗಳ ತುದಿ ತಾಗಿ ಕ್ರ್ಯಾಂಕ್ ಗೀರಾಗದಿರಲಿ ಅಂತ ಅವಕ್ಕೆ ಪೆಟ್ರೋಲ್ ಪೈಪಿನ ತುಂಡು ಸಿಕ್ಕಿಸಲು ಹೇಳಿದಿರಿ. ಆ ತುಂಡುಗಳನ್ನೂ ನೀವೇ ಕತ್ತರಿಸಿ ಕೊಟ್ಟಿರಿ, ದುಡ್ಡು ತಗೊಳ್ಳಲಿಲ್ಲ.

ಲೇತ್‌ನವರು ಮೈಕ್ರೋಮೀಟರ್ ಹಿಡಿದು ನೋಡಿದರು. ಕ್ರ್ಯಾಂಕ್ ಮೇಲೆ ಒಂದು ಗೀರೂ ಇಲ್ಲ, ಗ್ರೈಂಡಿಂಗ್ ಬೇಡ ಅಂದರು. ಸಿಲಿಂಡರ್ ಮಾತ್ರ ಬೋರ್ ಮಾಡಿಸಬೇಕಂತೆ, ಅಂದರೆ ಕೊರೆದು ತುಸು ಅಗಲ ಮಾಡಿಸಬೇಕು. ಓವರ್‌ಸೈಜ್ ಪಿಸ್ಟನ್‌ಗೆ ನಿಮ್ಮಲ್ಲಿಗೇ ಬರುತ್ತೇನೆ ಯಜಮಾನ್ರೇ. ಆವತ್ತಿನ ಟೀ ನನ್ನ ಲೆಕ್ಕದಲ್ಲಿ.