ಕೆಲ್ವಿನ್ ಅಂಕಿ ನೋಡಿ ಚಿತ್ರ ತಿರಸ್ಕರಿಸುವುದು ಸರಿಯಲ್ಲ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯಲ್ಲಿ ನಿಸರ್ಗ ಛಾಯಾಗ್ರಹಣ ಸ್ಪರ್ಧೆಗಳು ಹೆಚ್ಚುತ್ತಿರುವುದು ಸಂತೋಷದ ವಿಷಯ. ಆದರೆ ಈಚೆಗೆ ಇಂಥ ಒಂದು ಸ್ಪರ್ಧೆಯ ನಿಯಮಾವಳಿಯಲ್ಲಿ ಕಂಡ ಷರತ್ತೊಂದು ತಾಂತ್ರಿಕವಾಗಿ ನಿಲ್ಲುವಂಥದ್ದಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸಂಘಟಕರ ಗಮನಕ್ಕೆ ತರಬಯಸುತ್ತೇನೆ. ಸ್ಪರ್ಧಿಯು ಚಿತ್ರದ ಜೊತೆಗೆ ಮೂಲ ರಾ ಫೈಲನ್ನು (ಕ್ಯಾಮೆರಾ ಗ್ರಹಿಸಿದ, ಇನ್ನೂ ಸಂಸ್ಕರಿಸದ ಮಾಹಿತಿಯ ಕಡತವನ್ನು) ಒಪ್ಪಿಸಿ, ತಾನು ಬಳಸಿದ ವೈಟ್ ಬ್ಯಾಲೆನ್ಸ್‌ನ, ಅಂದರೆ ಯಾವ ಬೆಳಕಿನಲ್ಲೂ ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಹೊಂದಾಣಿಕೆಯ, ಕೆಲ್ವಿನ್ ಅಂಕಿಯನ್ನು (ಬೆಳಕು ಹಳದಿಯತ್ತಲೋ ನೀಲಿಯತ್ತಲೋ ಎಂದು ತಿಳಿಸುವ ಅಳತೆಯನ್ನು) ನಮೂದಿಸಬೇಕು. ತೀರ್ಪುಗಾರರು ರಾ ಫೈಲನ್ನು ತೆರೆದಾಗ ಬೇರೆ ಅಂಕಿ ಕಂಡರೆ ಬಣ್ಣ ತಿದ್ದಲಾಗಿದೆ ಎಂದು ಭಾವಿಸಿ ಚಿತ್ರವನ್ನು ಕೈಬಿಡಲಾಗುವುದು ಎಂಬುದು ಆ ಷರತ್ತು. ಬಣ್ಣದ ವಿಷಯದಲ್ಲಿ ಪ್ರಾಮಾಣಿಕತೆ ಬೇಕೆಂಬ ಉದ್ದೇಶವನ್ನು ಯಾರೂ ತಪ್ಪೆನ್ನಲಾರರು. ಆದರೆ ಅದನ್ನು ಅಳೆಯಲು ಆರಿಸಿಕೊಂಡ ಅಂಕಿ ತಂತ್ರಾಂಶದಿಂದ ತಂತ್ರಾಂಶಕ್ಕೆ ಬದಲಾಗುವಂಥದ್ದು. ಹಿಂದೆ ಒಂದೂರಿನ ಕೊಳಗ ಇನ್ನೊಂದೂರಿನ ಕೊಳಗಕ್ಕೆ ಸಮನಾಗಿರುತ್ತಿರಲಿಲ್ಲವಲ್ಲ, ಇದೂ ಹಾಗೆಯೇ.

ರಾ ಫೈಲಿನಲ್ಲಿ ಕ್ಯಾಮೆರಾ ಬರೆದಿಡುವುದು ಬಹುಪಾಲು ಸಂದರ್ಭಗಳಲ್ಲಿ ಗುಣಕಗಳನ್ನು. ಹಸಿರಿಗೆ ಹೋಲಿಸಿದರೆ ಕೆಂಪನ್ನು ಎಷ್ಟು ಪಟ್ಟು, ನೀಲಿಯನ್ನು ಎಷ್ಟು ಪಟ್ಟು ಹೆಚ್ಚಿಸಬೇಕು ಎಂಬ ಲೆಕ್ಕವನ್ನು. ಹಗಲು ಬೆಳಕಿನಲ್ಲಿ ಅನೇಕ ಕ್ಯಾಮೆರಾಗಳಲ್ಲಿ ಕೆಂಪಿನ ಗುಣಕ ಸುಮಾರು ಎರಡು, ನೀಲಿಯದು ಸುಮಾರು ಒಂದೂವರೆ ಇರುತ್ತದೆ. ಈ ಗುಣಕಗಳಿಂದ 5200 ಅಥವಾ 4900 ಎಂಬ ಕೆಲ್ವಿನ್ ಅಂಕಿಯನ್ನು ಹೊರಡಿಸುವುದು ತಂತ್ರಾಂಶದ ಕೆಲಸ. ಅದಕ್ಕಾಗಿ ಆಯಾ ಕ್ಯಾಮೆರಾದ ಬೆಳಕು ಹಿಡಿಯುವ ಸೆನ್ಸರ್ ಬಣ್ಣಗಳನ್ನು ಹೇಗೆ ಗ್ರಹಿಸುತ್ತದೆ ಎಂಬ ಕೋಷ್ಟಕವೊಂದು ತಂತ್ರಾಂಶದೊಳಗೆ ಇರಬೇಕಾಗುತ್ತದೆ, ಮತ್ತು ಈ ಕೋಷ್ಟಕವನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಮಾಡಿಕೊಂಡಿದ್ದಾರೆ. ಅಡೋಬಿ 2004ರಲ್ಲಿ ಹೊರತಂದ ಡಿಎನ್‌ಜಿ ಎಂಬ ರಾ ಫೈಲ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಎರಡು ಕೋಷ್ಟಕಗಳಿರುತ್ತವೆ. ಒಂದು ಹಳದಿ ಬಲ್ಬಿನ ಬೆಳಕಿಗೆ, ಇನ್ನೊಂದು ಹಗಲಿನ ಬೆಳಕಿಗೆ. ನಡುವಿನ ಬೆಳಕಿಗೆ ಎರಡನ್ನೂ ಬೆರೆಸಿ ಲೆಕ್ಕ ಹಾಕಲಾಗುತ್ತದೆ. ಡೇವ್ ಕಾಫಿನ್ ಅವರು ಬರೆದ ಡಿಸಿರಾ ಎಂಬ ಹಳೆಯ ಉಚಿತ ತಂತ್ರಾಂಶ ಹಗಲಿನ ಒಂದೇ ಕೋಷ್ಟಕವನ್ನು ಬಳಸುತ್ತಿತ್ತು, ಅದರ ಜಾಡಿನಲ್ಲಿ ಬಂದ ಹಲವು ತಂತ್ರಾಂಶಗಳೂ ಅದನ್ನೇ ನೆಚ್ಚಿಕೊಂಡವು. ಹೀಗಾಗಿ ದೀಪಾವಳಿಯ ಹಣತೆಯ ಬೆಳಕಿನಲ್ಲಿ ತೆಗೆದ ಒಂದೇ ಚಿತ್ರವನ್ನು ಲೈಟ್‌ರೂಮ್ ಮತ್ತು ರಾಥೆರಪಿ ಎಂಬ ಎರಡು ತಂತ್ರಾಂಶಗಳಲ್ಲೂ ತೆರೆದರೆ, ಹೊಂದಾಣಿಕೆಯ ಸ್ಲೈಡರನ್ನು ಯಾರೂ ಮುಟ್ಟದಿದ್ದರೂ ಅಂಕಿಗಳು ಬೇರೆ ಬೇರೆ ಬರಬಹುದು. ಬಣ್ಣವನ್ನು ಹಸಿರಿನತ್ತ ಅಥವಾ ಮಜೆಂಟಾದತ್ತ ಸರಿಸುವ ಟಿಂಟ್‌ನ ಸ್ಥಿತಿ ಇನ್ನೂ ಗೊಂದಲದ್ದು: ಲೈಟ್‌ರೂಮಿನಲ್ಲಿ ಅದು ಸೊನ್ನೆಯ ಎರಡೂ ಬದಿಗೆ 150ರವರೆಗೆ ಹೋಗುತ್ತದೆ, ರಾಥೆರಪಿಯಲ್ಲಿ ಒಂದರ ಆಸುಪಾಸಿನ ಅನುಪಾತ.

ಬಿಸಿಲು, ನೆರಳು ಎಂದು ಮೊದಲೇ ಕೊಟ್ಟಿರುವ ವೈಟ್ ಬ್ಯಾಲೆನ್ಸ್‌ನ ಸಿದ್ಧ ಆಯ್ಕೆಗಳೂ ಒಂದಕ್ಕೊಂದು ಹೊಂದುವುದಿಲ್ಲ. ನೆರಳಿನ ಆಯ್ಕೆಗೆ ಕ್ಯಾನನ್ ಕೈಪಿಡಿ ಸುಮಾರು 7000 ಕೆಲ್ವಿನ್ ಎನ್ನುತ್ತದೆ, ನಿಕಾನ್ 8000 ಎನ್ನುತ್ತದೆ, ಲೈಟ್‌ರೂಮ್ 7500 ಎನ್ನುತ್ತದೆ.

ಡಾರ್ಕ್‌ಟೇಬಲ್ ಎಂಬ ತಂತ್ರಾಂಶ ಬಳಸುವವರ ಪಾಡು ಈ ಷರತ್ತಿನಡಿ ಎಲ್ಲರಿಗಿಂತ ಕಷ್ಟದ್ದು. 2020ರ ಕೊನೆಯಲ್ಲಿ ಬಂದ ಅದರ 3.4 ಆವೃತ್ತಿಯಲ್ಲಿ ವೈಟ್ ಬ್ಯಾಲೆನ್ಸ್ ಹೊಂದಿಸುವ ಕೆಲಸವನ್ನು ಎರಡು ಕಡೆ ಹಂಚುವ ಕ್ರಮ ಬಂತು. ಆ ಕ್ರಮದಲ್ಲಿ ವೈಟ್ ಬ್ಯಾಲೆನ್ಸ್ ವಿಭಾಗ ಸುಮಾರು 6500 ಕೆಲ್ವಿನ್‌ನ ಸ್ಥಿರ ನೆಲೆಯಲ್ಲಿ ನಿಲ್ಲುತ್ತದೆ, ನಿಜವಾದ ಹೊಂದಾಣಿಕೆ ಬಣ್ಣ ಹೊಂದಿಸುವ ಮತ್ತೊಂದು ವಿಭಾಗದಲ್ಲಿ ನಡೆಯುತ್ತದೆ. ಮೊದಲನೆಯದನ್ನಷ್ಟೇ ನೋಡಿದ ತೀರ್ಪುಗಾರರಿಗೆ, ಬೆಳಗಿನ ಮಂಜಿನ ಚಿತ್ರಕ್ಕೂ ರಾತ್ರಿ ಬಯಲಾಟದ ಚಿತ್ರಕ್ಕೂ ಒಂದೇ ಅಂಕಿ ಕಂಡರೆ ಅನುಮಾನ ಬರುವುದು ಸಹಜವೇ. ಅದೇ ತಂತ್ರಾಂಶ, ಬೆಳಕು ಬಿಸಿಲಿನ ಅಥವಾ ಕಾದ ವಸ್ತುವಿನ ಬೆಳಕಿಗಿಂತ ತೀರಾ ಭಿನ್ನವಾಗಿದ್ದರೆ, ಕೆಲ್ವಿನ್ ಅಂಕಿಯ ಪಕ್ಕದಲ್ಲೇ ಅದು ಅಮಾನ್ಯವೆಂದು ತೋರಿಸುತ್ತದೆ. ತಂತ್ರಾಂಶ ಮಾಡಿದವರೇ ನಂಬಬೇಡಿ ಎನ್ನುವ ಅಂಕಿಯನ್ನು ನಾವು ಸಾಕ್ಷಿಯಾಗಿ ಹಿಡಿಯುವುದು ಹೇಗೆ?

ಇದು ಮಲೆನಾಡಿನವರಿಗೆ ಹೆಚ್ಚು ತಟ್ಟುವ ಮಾತು. ಆಗುಂಬೆಯ ಕಾಡಿನೊಳಗೋ ಅಡಿಕೆ ತೋಟದ ನಡುವೆಯೋ ನೆಲಕ್ಕೆ ಇಳಿಯುವ ಬೆಳಕು ಎಲೆಗಳ ಮೂಲಕ ಸೋಸಿ ಬಂದದ್ದು. ಎಲೆ ಕೆಂಪನ್ನೂ ನೀಲಿಯನ್ನೂ ಹೀರಿಕೊಂಡು ಹಸಿರನ್ನು ಹೆಚ್ಚಾಗಿ ಬಿಡುತ್ತದೆ. ಕೆಲ್ವಿನ್ ಮಾಪನ ಹಳದಿಯಿಂದ ನೀಲಿಯವರೆಗಿನ ದಾರಿಯನ್ನಷ್ಟೇ ಅಳೆಯುವುದರಿಂದ ಈ ಹಸಿರು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಅದನ್ನು ಟಿಂಟ್‌ನಿಂದಲೇ ಸರಿದೂಗಿಸಬೇಕು, ಆ ಟಿಂಟ್‌ನ ಅಳತೆಯೋ ಮೇಲೆ ಹೇಳಿದಂತೆ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ತೆರ. ಅಣಬೆ, ಕಪ್ಪೆಗಳ ಚಿತ್ರದಲ್ಲಿ ಬಣ್ಣವೇ ಗುರುತು ಹಿಡಿಯುವ ಆಧಾರವಾಗುವುದರಿಂದ ಸ್ಪರ್ಧಿ ಈ ಹಸಿರು ಛಾಯೆಯನ್ನು ತೆಗೆದರೆ ಅದು ಬಣ್ಣಕ್ಕೆ ಮಾಡಿದ ಮೋಸವಲ್ಲ, ನ್ಯಾಯ.

ಹಾಗಾದರೆ ತೀರ್ಪುಗಾರರು ಚಿತ್ರದೊಳಗಿನ ಬೂದು ವಸ್ತುವಿನ ಮೇಲೆ ಕ್ಲಿಕ್ ಮಾಡಿ, ಇದು ಬೂದು ಎಂದು ತಂತ್ರಾಂಶಕ್ಕೆ ತೋರಿಸಿ ತಾವೇ ಪರೀಕ್ಷಿಸಬಾರದೇ ಎಂದು ಯಾರಾದರೂ ಕೇಳಬಹುದು. ಸಕ್ರೆಬೈಲಿನ ಆನೆ ನೀರಿನಿಂದ ಎದ್ದು ಬರುವ ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಕಣ್ಣಿಗೆ ಬೂದಾಗಿ ಕಾಣುವ ಅದರ ಬೆನ್ನ ಮೇಲೆ ನಮ್ಮ ಕೆಮ್ಮಣ್ಣಿನ ಪದರವಿರುತ್ತದೆ. ಅಲ್ಲಿ ಕ್ಲಿಕ್ ಮಾಡಿದರೆ ತಂತ್ರಾಂಶ ಆ ಕೆಂಪನ್ನು ಕಳೆಯಲು ಹೋಗಿ ಇಡೀ ಚಿತ್ರವನ್ನು ನೀಲಿಗಟ್ಟಿಸುತ್ತದೆ. ಮಂಡಗದ್ದೆಯ ಬೆಳ್ಳಕ್ಕಿಯ ರೆಕ್ಕೆಯೂ ಬಿಸಿಲಿನಲ್ಲಿ ಮಿತಿಮೀರಿ ಬೆಳಗಿದ್ದರೆ ಕೆಲಸಕ್ಕೆ ಬಾರದು, ಏಕೆಂದರೆ ಅಲ್ಲಿ ಸೆನ್ಸರ್ ತುಂಬಿ ಬಣ್ಣದ ಮಾಹಿತಿಯೇ ಕಳೆದುಹೋಗಿರುತ್ತದೆ. ನೀಲಿ ಅದ್ದಿ ಒಗೆದ ಪಂಚೆಯನ್ನು ಬಿಳಿಯ ಮಾನದಂಡವಾಗಿ ಬಳಸುವವರನ್ನೂ ಕಂಡಿದ್ದೇನೆ, ಅವರಿಗೆ ಹೇಳುವುದೇನಿದೆ!

ಇನ್ನೊಂದು ಮಾತು. ವೈಟ್ ಬ್ಯಾಲೆನ್ಸ್ ಅನ್ನು ಎರಡು ತಂತ್ರಾಂಶಗಳಲ್ಲೂ ನಿಖರವಾಗಿ ಹೊಂದಿಸಿದ ಮೇಲೂ ಚಿತ್ರಗಳು ಒಂದೇ ರೀತಿ ಕಾಣಬೇಕೆಂದಿಲ್ಲ. ಬೂದು ಎರಡರಲ್ಲೂ ಬೂದಾಗಿಯೇ ಬಂದರೂ ಎಲೆಯ ಹಸಿರು ಒಂದರಲ್ಲಿ ಹಳದಿಗೆ, ಇನ್ನೊಂದರಲ್ಲಿ ನೀಲಿಗೆ ವಾಲಬಹುದು. ಅದು ತಂತ್ರಾಂಶದ ಬಣ್ಣದ ಪ್ರೊಫೈಲ್ ಮತ್ತು ಕಾಂತಿಯ ಕರ್ವ್‌ನ ಪರಿಣಾಮವೇ ಹೊರತು ಸ್ಪರ್ಧಿಯ ಕೈಚಳಕವಲ್ಲ.

ಆದ್ದರಿಂದ ಸಂಘಟಕರು ಕೆಲ್ವಿನ್ ಅಂಕಿಯ ಹೋಲಿಕೆಯನ್ನು ಕೈಬಿಟ್ಟು, ಸಾಧ್ಯವಾದಲ್ಲೆಲ್ಲ ಅದೇ ಬೆಳಕಿನಲ್ಲಿ ಬೂದು ಕಾರ್ಡ್ (ಬೇರೆ ಬಣ್ಣದ ಛಾಯೆಯಿಲ್ಲದ ಬೂದು ಹಲಗೆ) ಇಟ್ಟು ತೆಗೆದ ಒಂದು ಹೆಚ್ಚುವರಿ ಫ್ರೇಮನ್ನು ಕೇಳುವುದು ಉಚಿತ. ಹಕ್ಕಿ ಹಾರಿಹೋಗುವ ಸಂದರ್ಭದಲ್ಲಿ ಕಾರ್ಡ್ ಹಿಡಿಯಲಾಗದು, ನಿಜ. ಹಕ್ಕಿ ಹೋದ ಮೇಲೆ ಅದೇ ಕೊಂಬೆಯ ಬಳಿ ಹಿಡಿದರೂ ಸಾಕು. ತೀರ್ಪುಗಾರರು ರಾ ಫೈಲನ್ನು ತೆರೆಯುವುದೇ ಆದರೆ ಎಲ್ಲ ಸ್ಪರ್ಧಿಗಳ ಫೈಲುಗಳನ್ನೂ ಒಂದೇ ತಂತ್ರಾಂಶದ ಒಂದೇ ಆವೃತ್ತಿಯಲ್ಲಿ ತೆರೆಯಲಿ, ಆ ತಂತ್ರಾಂಶದ ಹೆಸರನ್ನು ಪ್ರಕಟಣೆಯಲ್ಲಿ ಮುಂಚಿತವಾಗಿಯೇ ತಿಳಿಸಲಿ. ಈಗಾಗಲೇ ಅಂಕಿಯ ಕಾರಣಕ್ಕಷ್ಟೇ ಬದಿಗಿಟ್ಟ ಚಿತ್ರಗಳಿದ್ದರೆ ಅವನ್ನು ಫಲಿತಾಂಶಕ್ಕೆ ಮೊದಲು ಮರುಪರಿಶೀಲಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಹವ್ಯಾಸಿ ಛಾಯಾಗ್ರಾಹಕ,
ತೀರ್ಥಹಳ್ಳಿ